ಹೊಳೆ ದಾಟಿಸುವ ಮಾಯೆ

ಹೊಳೆಯ ದಂಡೆಯ ಮೇಲೆ ಅಡಿವೆವ್ವನವರ ಆಶ್ರಮ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಕಥೆ ಹೇಳುವುದು.

ಶಿಷ್ಯ ಕಲಿತನೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದವರು ಮಾತ್ರ ಅಡಿವೆವ್ವ ಅಲ್ಲ, ಅಂಬಿಗ ಜಟ್ಟೆಪ್ಪ.

ಪದ್ಧತಿ ಹೀಗಿತ್ತು. ಶಿಷ್ಯ ಜಟ್ಟೆಪ್ಪನ ಹರಿಗೋಲಿನಲ್ಲಿ ಕೂರಬೇಕು. ಈ ದಡ ಬಿಟ್ಟೊಡನೆ ಕಥೆ ಶುರು ಮಾಡಬೇಕು. ಜಟ್ಟೆಪ್ಪ ‘ಹೂಂ’ ಎನ್ನುತ್ತಾನೆ, ಹುಟ್ಟು ಹಾಕುತ್ತಾನೆ. ಒಂದು ಹೂಂಗೆ ಒಂದು ಹುಟ್ಟು.

ಕಥೆಯ ಮೇಲೆ ನಂಬಿಕೆ ಹೋದರೆ ಹೂಂ ನಿಲ್ಲುತ್ತದೆ. ಹೂಂ ನಿಂತರೆ ಹುಟ್ಟೂ ನಿಲ್ಲುತ್ತದೆ. ಹರಿಗೋಲು ಬುಟ್ಟಿಯಂತೆ ದುಂಡಗಿನದು. ಹುಟ್ಟು ನಿಂತರೆ ಅದು ಗಿರಗಿರನೆ ತಿರುಗುತ್ತ, ಸೆಳವು ಕರೆದುಕೊಂಡು ಹೋದಲ್ಲಿಗೆ ಹೋಗುತ್ತದೆ.

ಸೆಳವು ಕರೆದುಕೊಂಡು ಹೋಗುತ್ತಿದ್ದದ್ದು ಕೆಳಗಿನೂರಿನ ಹೆಂಗಸರು ಬಟ್ಟೆ ಒಗೆಯುವ ಬಂಡೆಗೆ.

ಆಚೆ ದಡ ಮುಟ್ಟಿದ ಶಿಷ್ಯನಿಗೆ ಅಡಿವೆವ್ವ ಕರಿಕಂಬಳಿ ಹಾಸುತ್ತಿದ್ದರು. ಅದರ ಮೇಲೆ ಕೂತವನು ಕಥೆಗಾರ. ಮೂರು ಸಲ ಹೊರಟೂ ಮುಟ್ಟದಿದ್ದವನಿಗೆ ಆಶ್ರಮದಲ್ಲಿ ಊಟಕ್ಕೆ ಕೊರತೆಯಿಲ್ಲ, ಕೆಲಸಕ್ಕೂ ಕೊರತೆಯಿಲ್ಲ. ಕಂಬಳಿ ಮಾತ್ರ ಎಂದೆಂದಿಗೂ ಇಲ್ಲ.

ಚಂದ್ರಾಮ ಆರು ವರ್ಷ ಕಲಿತಿದ್ದ. ಅವನಿಗೆ ಮಾಯೆಯ ಕಥೆಗಳೆಂದರೆ ಪ್ರಾಣ. ಬೇರೆ ಶಿಷ್ಯರು ರಾಜರ ಕಥೆಯನ್ನೋ, ಅತ್ತೆ ಸೊಸೆಯರ ಕಥೆಯನ್ನೋ ಹೇಳಿ ದಾಟಿಹೋದರು. ಅವನು ಹಟ ಹಿಡಿದ.

“ಮಾಯಗಾರನ ಕಥೆ ಹೇಳಿಯೇ ದಾಟುತ್ತೇನೆ, ಅವ್ವಾ.”

“ದಾಟು,” ಎಂದರು ಅಡಿವೆವ್ವ.

ಮೊದಲ ಸಲ ಅವನ ಮಾಯಗಾರನಿಗೆ ಹೊಳೆ ಅಡ್ಡ ಬಂತು. ಮಾಯಗಾರ ಹಾರಿದ.

“ಹೂಂ,” ಎಂದ ಜಟ್ಟೆಪ್ಪ.

ರಾಕ್ಷಸ ಅಡ್ಡ ಬಂದ. ಮಾಯಗಾರ ಕಣ್ಣುಬಿಟ್ಟು ಸುಟ್ಟ.

“ಹೂಂ.”

ರಾಜ ಹಿಡಿದು ಸೆರೆಮನೆಗೆ ಹಾಕಿದ. ಮಾಯಗಾರ ಇರುವೆಯಾಗಿ ಹೊರಗೆ ಬಂದ.

ಜಟ್ಟೆಪ್ಪ ಹುಟ್ಟನ್ನು ಮೇಲಕ್ಕೆತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕಿವಿಯ ಹಿಂದಿನ ಬೀಡಿ ತೆಗೆದ.

“ಯಾಕಣ್ಣಾ?”

“ಒಂದು ಮಾತು ಕೇಳ್ತೀನಿ, ತಮ್ಮಾ. ಇವ ಸತ್ತರೂ ಎದ್ದು ಬರ್ತಾನೇನು?”

“ಬರ್ತಾನೆ! ಅದೇ ಮುಂದಿನ ಭಾಗ!”

“ಹಂಗಾದರ ಅವಗ ಚಿಂತಿ ಇಲ್ಲ. ಅವಗ ಇಲ್ಲದ ಚಿಂತಿ ನನಗ್ಯಾಕ?”

ಹರಿಗೋಲು ಹನ್ನೊಂದು ಸುತ್ತು ಸುತ್ತಿ ಬಂಡೆಗೆ ಹೋಗಿ ತಾಗಿತು. ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ತಲೆ ಸುತ್ತಿ ಕೂತಿದ್ದ ಚಂದ್ರಾಮನಿಗೆ ಒಬ್ಬಾಕೆ ಕುಡಿಯಲು ನೀರು ಕೊಟ್ಟಳು.

ಎರಡು ಹರಿದಾರಿ ನಡೆದು ಆಶ್ರಮಕ್ಕೆ ಮರಳಿದ ಚಂದ್ರಾಮ ಅಡಿವೆವ್ವನ ಮುಂದೆ ಕೂತ.

“ಅವ್ವಾ, ನಿಮ್ಮ ಕಥೆಯಲ್ಲೂ ಮಾಯೆ ಇದೆ. ಅದೇ ಜಟ್ಟೆಪ್ಪ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ನನ್ನ ಮಾಯೆಗೆ ಏನಾಗಿದೆ?”

“ಹೇಳ್ತೀನಿ. ಮೊದಲು ಆ ಹೊಳೆಯ ಎರಡೂ ದಡ ತೆಗೆದುಬಿಟ್ಟು ಬಾ.”

“ದಡ ತೆಗೆದರೆ ಹೊಳೆ ಎಲ್ಲಿರುತ್ತೆ, ಅವ್ವಾ?”

“ನಾನೂ ಅದನ್ನೇ ಕೇಳ್ತಿದ್ದೀನಿ.”

ಚಂದ್ರಾಮನಿಗೆ ಅರ್ಥವಾಯಿತು. ಅರ್ಥವಾಯಿತೆಂದು ಅವನು ಅಂದುಕೊಂಡ. ನಾಲ್ಕು ತಿಂಗಳು ಕೂತು ತನ್ನ ಮಾಯೆಗೆ ದಡ ಕಟ್ಟಿದ.

ಎರಡನೆಯ ಸಲ ಅವನು ಹರಿಗೋಲು ಹತ್ತಿದಾಗ ಕಂಕುಳಲ್ಲಿ ಓಲೆಗಳ ಒಂದು ಕಟ್ಟಿತ್ತು.

“ಕೇಳಣ್ಣಾ. ಮಾಯೆಯಲ್ಲಿ ಏಳು ಬಗೆ. ಒಂದೊಂದು ಬಗೆಗೆ ಹನ್ನೆರಡು ಕಟ್ಟಳೆ. ಮಂಗಳವಾರ ಹುಟ್ಟಿದವರಿಗೆ ಬೆಂಕಿಯ ಮಾಯೆ ಒಲಿಯುವುದಿಲ್ಲ.”

“ಹೂಂ.”

“ಆದರೆ ಅಮಾವಾಸ್ಯೆಯ ಮಂಗಳವಾರ ಹುಟ್ಟಿದ್ದರೆ ಅರ್ಧ ಒಲಿಯುತ್ತದೆ. ಎಡಗೈಯವರಾಗಿದ್ದರೆ ಅದರಲ್ಲೂ ಅರ್ಧ.”

“ಹೂಂ…”

“ಇನ್ನು ಗಾಳಿಯ ಮಾಯೆ. ಇದರ ಮೊದಲನೆಯ ಕಟ್ಟಳೆ…”

ಹೂಂ ಬರಲಿಲ್ಲ. ಗೊರಕೆ ಬಂತು.

ಬಂಡೆಯ ಹತ್ತಿರ ಹೆಂಗಸರು ಕಾಯುತ್ತಿದ್ದರು.

“ಬಂದ್ಯಾ, ತಮ್ಮಾ? ಹೋದ ಸಲಕ್ಕಿಂತ ಲಗೂ ಬಂದಿ!”

“ಜಟ್ಟೆಪ್ಪಣ್ಣನ್ನ ಮೆಲ್ಲಗ ಎಬ್ಬಸರೇ. ಭಾಳ ದಿನಕ್ಕ ಕಣ್ಣತುಂಬ ನಿದ್ದಿ ಬಂದೈತಿ ಪಾಪ!”

ಆ ನಗು ಎರಡು ಹರಿದಾರಿಯವರೆಗೂ ಚಂದ್ರಾಮನ ಬೆನ್ನ ಹಿಂದೆಯೇ ಬಂತು.

ಅಡಿವೆವ್ವ ಓಲೆಯ ಕಟ್ಟು ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಎಣಿಸಿದರು. ಎಂಬತ್ತನಾಲ್ಕು.

“ಹೊಳೆಗೆ ಎರಡೇ ದಡ ಕಣಪ್ಪಾ. ನೀನು ಎಂಬತ್ತನಾಲ್ಕು ಕಟ್ಟಿದೀಯ. ನೀರೆಲ್ಲಿ?”

ಚಂದ್ರಾಮ ತಲೆ ತಗ್ಗಿಸಿದ. “ಇನ್ನೊಂದೇ ಸಲ ಉಳಿದಿದೆ, ಅವ್ವಾ. ಅತ್ತೆ ಸೊಸೆಯ ಕಥೆ ಹೇಳಿಬಿಡಲಾ?”

“ನಿನಗೆ ಬರುತ್ತಾ?”

“ಬರಲ್ಲ.”

“ಹಾಗಿದ್ದರೆ ನಾಳೆ ಬೆಳಿಗ್ಗೆ ಬಾ. ನಾಳೆ ಇಡೀ ದಿನ ನೀನೇ ಮಾಯಗಾರ.”

ಮರುದಿನ ಅಡಿವೆವ್ವ ಆಶ್ರಮದವರನ್ನೆಲ್ಲ ಅಂಗಳದಲ್ಲಿ ಸೇರಿಸಿದರು. “ಇವತ್ತು ಚಂದ್ರಾಮ ಏನು ಕೇಳಿದರೂ ತಕ್ಷಣ ಆಗಬೇಕು. ಯಾಕೆ ಅಂತ ಯಾರೂ ಕೇಳಕೂಡದು.”

ಎಲ್ಲರಿಗೂ ಖುಷಿಯಾಯಿತು. ಹದಿನೇಳು ಮಂದಿ ಶಿಷ್ಯರು ಸುತ್ತ ಕೂತರು.

“ಬಿಸಿ ರೊಟ್ಟಿ ಬರಲಿ!”

ಅಡುಗೆಯ ಫಕೀರವ್ವ ರೊಟ್ಟಿ ತಂದಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಹಾಡು ಬರಲಿ!” ಹಾಡು ಬಂತು. “ಗಾಳಿ ಬರಲಿ!” ಇಬ್ಬರು ಬೀಸಣಿಗೆ ಹಿಡಿದರು. “ನನ್ನ ಸರದಿಯ ನೀರನ್ನು ಬಸಣ್ಣಿ ಹೊರಲಿ!” ಜೊತೆಯ ಶಿಷ್ಯ ಬಸಣ್ಣಿ ಹೊತ್ತ.

ಹೊತ್ತು ಏರಿತು. ಸುತ್ತ ಕೂತವರಲ್ಲಿ ಒಬ್ಬ ಆಕಳಿಸಿ ಎದ್ದು ಹೋದ. ಮತ್ತೊಬ್ಬನಿಗೆ ಏನೋ ಕೆಲಸ ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಚಂದ್ರಾಮ ಒಬ್ಬನೇ. ಕೇಳಿದ್ದು ಈಗಲೂ ಬರುತ್ತಿತ್ತು, ತಂದವರು ಅವನ ಮುಖ ನೋಡುತ್ತಿರಲಿಲ್ಲ.

“ಮಾಯಗಾರಾ, ಮುಂದೇನು?” ಎಂದರು ಅಡಿವೆವ್ವ.

“ಬೇಸರ ಬರುತ್ತಿದೆ, ಅವ್ವಾ.”

“ಯಾರಿಗೆ?”

“ನೋಡುವವರಿಗೆ.” ಎದುರಿಗಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ನನಗೂ.”

ಅದರ ಮರುದಿನ ಅಡಿವೆವ್ವ ಮತ್ತೆ ಎಲ್ಲರನ್ನೂ ಸೇರಿಸಿದರು. ನಿನ್ನೆಯ ನೆನಪಿಗೆ ಕೆಲವರು ಮುಖ ಸಿಂಡರಿಸಿಕೊಂಡೇ ಬಂದರು.

“ಇವತ್ತೂ ಚಂದ್ರಾಮನೇ ಮಾಯಗಾರ. ಆದರೆ ಮೂರೇ ಸಲ ಕೇಳಬಹುದು. ಒಂದು ಸಲ ಕೇಳಿದರೆ ಅವನ ಬಾಯಿಂದ ಒಂದು ಮಾತು ಹೋಗುತ್ತೆ. ಸಂಜೆಯ ತನಕ ಆ ಮಾತು ಅವನು ಆಡುವ ಹಾಗಿಲ್ಲ. ಯಾವ ಮಾತು ಅಂತ ಹೇಳುವವಳು ಫಕೀರವ್ವ.”

“ಅಷ್ಟೇನಾ?” ಎಂದ ಚಂದ್ರಾಮ.

“ಅಷ್ಟೇ.”

ಅವನಿಗೆ ಹಸಿವಾಗಿತ್ತು. “ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ!”

ತಟ್ಟೆ ಬಂತು. ಫಕೀರವ್ವ ಸೆರಗಿನಿಂದ ಕೈ ಒರೆಸಿಕೊಂಡು ಯೋಚಿಸಿದಳು. “ನಿನ್ನ ‘ಸಾಕು’ ನನಗ ಕೊಡು.”

ಚಂದ್ರಾಮ ನಕ್ಕ. ಹೋಗಲಿ ಬಿಡು ಎಂದುಕೊಂಡು ತಿನ್ನತೊಡಗಿದ. ಎರಡು ರೊಟ್ಟಿ ಮುಗಿಯಿತು. ಫಕೀರವ್ವ ಮೂರನೆಯದು ಹಾಕಿದಳು. ನಾಲ್ಕನೆಯದೂ ಹಾಕಿದಳು.

ಸಾ ಎಂದು ಬಾಯಿ ತೆರೆದವನು ಮುಚ್ಚಿಕೊಂಡ.

“ಏನಪಾ? ಏನರ ಅಂದ್ಯಾ?”

“ಬೇಡ!” ಎಂದ ಚಂದ್ರಾಮ, ಗೆದ್ದವನಂತೆ.

ಅಂಗಳದಲ್ಲಿ ನಗು ಎದ್ದಿತು. ನೀರಿಗೆ ಹೋದವರು ಕೊಡ ಕೆಳಗಿಟ್ಟು ಬಂದರು.

ಹೊಟ್ಟೆ ಭಾರವಾಯಿತು. ಅವನು ತಡೆಯಲಾರದೆ ಎರಡನೆಯದನ್ನೂ ಕೇಳಿಬಿಟ್ಟ. “ಶುಂಠಿ ಹಾಕಿದ ಮಜ್ಜಿಗೆ.”

ಮಜ್ಜಿಗೆ ಬಂತು. “ಈಗ ನಿನ್ನ ‘ಬೇಡ’ ಕೊಡು,” ಎಂದಳು ಫಕೀರವ್ವ. ಮಜ್ಜಿಗೆಯ ಹಿಂದೆಯೇ ಐದನೆಯ ರೊಟ್ಟಿ ತಂದಳು.

ಈಗ ಆಶ್ರಮದಲ್ಲಿ ಕೆಲಸ ಮಾಡುವವರೇ ಇರಲಿಲ್ಲ. ಎಲ್ಲರೂ ಅವನ ತಟ್ಟೆ ನೋಡುತ್ತ ಕೂತಿದ್ದರು. ಅವನು ತಟ್ಟೆ ಬಚ್ಚಿಟ್ಟ. ಅವಳು ಎಲೆ ತಂದಳು. ಅವನು ಕಂಬದ ಹಿಂದೆ ಹೋದ. ಅವಳು ಕಂಬದ ಹಿಂದೆ ಬಂದಳು. ಆರನೆಯ ರೊಟ್ಟಿ ಬಿತ್ತು. ಅವನ ಕಣ್ಣಲ್ಲಿ ನೀರು ಬಂತು.

ಫಕೀರವ್ವನಿಗೆ ಕರುಳು ಚುರ್ ಎಂದಿತು. ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. “ಒಂದು ಸಲ ಸಾಕು ಅಂದುಬಿಡಪಾ. ನಾ ಕೇಳಿಸಿಕೊಂಡಿಲ್ಲ ಅಂತೀನಿ.”

ಬಸಣ್ಣಿ ಎದ್ದು ನಿಂತ. “ಯವ್ವಾ, ಹಂಗ ಮಾಡಬ್ಯಾಡ! ಆಟ ಕೆಡತೈತಿ!”

ನೋಡುತ್ತಿದ್ದ ಹದಿನೇಳೂ ಮುಖಗಳು ಬಾಡಿದ್ದವು. ಚಂದ್ರಾಮ ಆ ಮುಖಗಳನ್ನು ನೋಡಿದ. ಫಕೀರವ್ವನ ಕೈಯಲ್ಲಿದ್ದ ಏಳನೆಯ ರೊಟ್ಟಿಯನ್ನೂ ನೋಡಿದ. ಆಮೇಲೆ ಹೊಟ್ಟೆಯ ಮೇಲೆ ಎರಡೂ ಕೈಯಿಂದ ಹೊಡೆದುಕೊಂಡು ಕೂಗಿದ.

“ಗುಡುಂ!”

ಫಕೀರವ್ವ ನಿಂತಳು. “ಗುಡುಂ ಅಂದರೇನೋ?”

ಅವನು ಇನ್ನೊಮ್ಮೆ ಹೊಡೆದುಕೊಂಡ. “ಗುಡುಂ, ಫಕೀರವ್ವಾ! ಗುಡುಂ! ಗುಡುಂ!”

ಫಕೀರವ್ವ ಅಡಿವೆವ್ವನ ಕಡೆ ತಿರುಗಿದಳು. “ಇದು ನಡೀತೈತೇನ್ರೀ?”

“ಅವನಿಂದ ನೀನು ತಗೊಂಡದ್ದು ಯಾವ್ಯಾವ ಮಾತು?”

“ಸಾಕು. ಬ್ಯಾಡ.”

“ಇದು ಅವೆರಡೂ ಅಲ್ಲವಲ್ಲ.”

ಅಂಗಳ ಬಿದ್ದು ಬಿದ್ದು ನಕ್ಕಿತು. ಮಧ್ಯಾಹ್ನದ ಪಂಕ್ತಿಯಲ್ಲಿ ಒಬ್ಬರೂ ಸಾಕು ಎನ್ನಲಿಲ್ಲ. ಸಾರು ಬಡಿಸಲು ಬಂದವರಿಗೆಲ್ಲ ಗುಡುಂ, ಗುಡುಂ ಎಂದರು.

ಹೊತ್ತು ಮುಳುಗುವಾಗ ಅಡಿವೆವ್ವ ಕೇಳಿದರು. “ಮೂರನೆಯದು ಏನು ಕೇಳಿದೆ?”

“ಕೇಳಲಿಲ್ಲ. ಭಯವಾಯಿತು. ಯಾವ ಮಾತು ಹೋಗುತ್ತೋ ಅಂತ.”

“ನಿನ್ನೆ ಭಯವಾಗಿತ್ತಾ?”

“ಇಲ್ಲ.”

ಅಡಿವೆವ್ವ ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋದರು.

ಮೂರನೆಯ ದಾಟು ಮಾಘದ ಹುಣ್ಣಿಮೆ ಕಳೆದ ಮೂರನೆಯ ಬೆಳಿಗ್ಗೆ. ಈ ಸಲ ಹರಿಗೋಲಿನಲ್ಲಿ ಮೂವರಿದ್ದರು. ಜಟ್ಟೆಪ್ಪ, ಚಂದ್ರಾಮ, ಮಡಿಲಲ್ಲಿ ಮಡಿಸಿದ ಕಂಬಳಿ ಇಟ್ಟುಕೊಂಡ ಅಡಿವೆವ್ವ.

ಜಟ್ಟೆಪ್ಪ ಶಿಷ್ಯನ ಕಂಕುಳ ಕಡೆ ನೋಡಿದ. “ಓಲಿ ತಂದಿಲ್ಲೇನು?”

“ಇಲ್ಲಣ್ಣಾ.”

“ಛೇ. ಓಲಿ ಇರ್ತಾವಂತ ಮೊದಲ ನಿದ್ದಿ ಮಾಡಿ ಬಂದುಬಿಟ್ಟೀನಲ್ಲ.”

ದಡ ಬಿಟ್ಟಿತು. ಚಂದ್ರಾಮ ಶುರು ಮಾಡಿದ.

“ತಂಗೆವ್ವ ಅಂತ ಒಬ್ಬಳಿದ್ದಳು. ಅವಳು ಕೈಯೆತ್ತಿದರೆ ಹರಿಯುವ ನೀರು ನಿಲ್ಲುತ್ತಿತ್ತು.”

“ಹೂಂ.”

“ಒಂದು ಸಲ ನೀರು ನಿಲ್ಲಿಸಿದರೆ ಅವಳ ಬಾಯಿಂದ ಒಂದು ಮಾತು ಹೋಗುತ್ತಿತ್ತು. ಹೋದದ್ದು ತಿರುಗಿ ಬರುತ್ತಿರಲಿಲ್ಲ.”

“ಹೂಂ?”

“ಮೊದಲ ಸಲ ನೆರೆಮನೆಗೆ ನುಗ್ಗಿದ ನೀರು ನಿಲ್ಲಿಸಿದಳು. ಅವಳ ಬಾಯಿಂದ ಉಪ್ಪು ಅನ್ನುವ ಮಾತು ಹೋಯಿತು.”

ಜಟ್ಟೆಪ್ಪನ ಹುಟ್ಟು ಆಳಕ್ಕೆ ಇಳಿಯಿತು. “ಹಂಗಾದರ ಅಂಗಡ್ಯಾಗ ಏನಂತ ಕೇಳ್ತಾಳ?”

“ನಾಲಿಗೆ ಹೊರಗೆ ಹಾಕಿ, ಬೆರಳಿಂದ ಮುಟ್ಟಿ ತೋರಿಸುತ್ತಿದ್ದಳು.”

“ಅಂಗಡ್ಯಾವ ನಕ್ಕಿರಬೇಕು!”

“ಮೊದಲು ನಕ್ಕ. ಆಮೇಲಾಮೇಲೆ ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಉಪ್ಪು ಅಳೆದು ಇಡುತ್ತಿದ್ದ.”

“ಹೂಂ, ಹೂಂ!”

“ಇನ್ನೊಂದು ಸಲ ಬಾಗಿಲು ಅನ್ನುವ ಮಾತು ಹೋಯಿತು. ‘ಗಾಳಿ ಬರೋದನ್ನ ಮುಚ್ಚು’ ಅನ್ನುತ್ತಿದ್ದಳು. ಮಗಳು ಹೂವಿ ಕಿಟಕಿ ಮುಚ್ಚುತ್ತಿದ್ದಳು. ಮತ್ತೊಂದು ಸಲ ‘ನಾಳೆ’ ಹೋಯಿತು. ಅಂದಿನಿಂದ ತಂಗೆವ್ವ ಯಾವ ಕೆಲಸವನ್ನೂ ಮುಂದೂಡಲಿಲ್ಲ.”

ಜಟ್ಟೆಪ್ಪ ಗಹಗಹಿಸಿ ನಕ್ಕ. ಹರಿಗೋಲು ಬಾಣದಂತೆ ಹೋಯಿತು.

“ಊರವರಿಗೆ ನಾಚಿಕೆಯಾಯಿತು. ಒಂದು ಮಾತು ಕಳೆದುಕೊಳ್ಳುವಷ್ಟು ದೊಡ್ಡ ಕಷ್ಟವೇ ಇದು, ಅಂತ ಕೇಳಿಕೊಳ್ಳದೆ ಯಾರೂ ಅವಳ ಮನೆಗೆ ಬರುತ್ತಿರಲಿಲ್ಲ. ಸಣ್ಣಪುಟ್ಟ ನೀರಿಗೆ ತಾವೇ ಒಡ್ಡು ಕಟ್ಟಿಕೊಂಡರು.”

“ಹೂಂ. ಚಲೋ ಮಂದಿ.”

“ಒಂದು ಆಷಾಢದಲ್ಲಿ ಹೊಳೆ ತುಂಬಿ ಬಂತು. ಹೂವಿ ನಡುಹೊಳೆಯ ಬಂಡೆಯ ಮೇಲೆ ಸಿಕ್ಕಿಕೊಂಡಳು. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ತಂಗೆವ್ವ ದಡಕ್ಕೆ ಓಡಿಬಂದು ಕೈ ಎತ್ತಹೋದಳು. ಈ ಸಲ ಯಾವ ಮಾತು ಹೋಗುತ್ತದೆ ಅನ್ನುವುದು ಅವಳಿಗೆ ಮೊದಲೇ ನಾಲಿಗೆಯ ಮೇಲೆ ತಿಳಿಯಿತು.”

“ಯಾವುದು?”

“ಮಗಳ ಹೆಸರು.”

ಜಟ್ಟೆಪ್ಪ ಹುಟ್ಟು ಎತ್ತಿಬಿಟ್ಟ.

“ಬ್ಯಾಡೋ, ತಮ್ಮಾ.”

ಹರಿಗೋಲು ನಡುಹೊಳೆಯಲ್ಲಿತ್ತು. ಮೆಲ್ಲಗೆ ತಿರುಗತೊಡಗಿತು.

“ಆ ತಾಯಿ ಊರಿಗೆಲ್ಲ ಉಪಕಾರ ಮಾಡ್ಯಾಳ. ಇದೊಂದು ಸಲ ಪುಕ್ಕಟೆ ಆಗಲಿ. ನೀರು ನಿಲ್ಲಲಿ, ಹೆಸರೂ ಉಳೀಲಿ. ನಿನ್ನ ಕಥಿ, ನೀ ಹಂಗ ಹೇಳಬಹುದಲ್ಲ? ಹೇಳು, ಈಗಿಂದೀಗ ದಡ ಮುಟ್ಟಸ್ತೀನಿ.”

ಚಂದ್ರಾಮ ಅಡಿವೆವ್ವನ ಕಡೆ ನೋಡಿದ. ಅವರು ನೀರು ನೋಡುತ್ತಿದ್ದರು. ಕೆಳಗೆ ದೂರದಲ್ಲಿ ಬಂಡೆಯ ಹೆಂಗಸರು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಕಂಬಳಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಒಂದು ಮಾತು ಸಡಿಲ ಬಿಟ್ಟರೆ ಅದು ಅವನದು.

“ಇಲ್ಲಣ್ಣಾ,” ಎಂದ ಚಂದ್ರಾಮ. “ಹಾಗೆ ಹೇಳಿದರೆ ಅವಳ ಉಪ್ಪೂ ಸುಳ್ಳಾಗುತ್ತೆ.”

ಜಟ್ಟೆಪ್ಪ ಮುಖ ತಿರುಗಿಸಿಕೊಂಡ. ಹರಿಗೋಲು ಒಂದು ಸುತ್ತು ಸುತ್ತಿತು.

“ತಂಗೆವ್ವ ಕೈ ಎತ್ತಿದಳು. ನೀರು ನಿಂತಿತು. ಹುಡುಗಿ ಒದ್ದೆ ಮರಳಿನ ಮೇಲೆ ನಡೆದು ಬಂದಳು. ಹೆಸರು ಹೋಯಿತು.”

ಹೂಂ ಇಲ್ಲ. ಎರಡನೆಯ ಸುತ್ತು.

“ತಾಯಿ ಮಗಳನ್ನು ತಬ್ಬಿಕೊಂಡಳು. ಕರೆಯಲು ಬಾಯಿ ತೆರೆದಳು. ಬರೀ ಉಸಿರು ಬಂತು.”

ಮೂರನೆಯ ಸುತ್ತು. ಸೆಳವು ಹರಿಗೋಲಿನ ಅಂಚು ಹಿಡಿಯಿತು.

“ಆ ಹುಡುಗಿ ತಾಯಿಗೆ ಉಪ್ಪು ತಂದುಕೊಟ್ಟು, ಬಾಗಿಲು ಹಾಕಿಕೊಟ್ಟು ಬೆಳೆದವಳು. ಅವಳಿಗೆ ತಿಳಿಯಿತು. ತಾಯಿಯ ಕಣ್ಣು ಒರೆಸಿ ಹೇಳಿದಳು. ‘ಅಳ್ತೀಯ ಯಾಕೆ? ಹೋದದ್ದು ಹಳೇ ಹೆಸರು. ಹೊಸದೊಂದು ಇಡು. ಈ ಸಲ ನಾನೂ ಕೇಳಿಸಿಕೊಳ್ತೀನಿ. ಹೋದ ಸಲ ತೊಟ್ಟಿಲಲ್ಲಿ ನಿದ್ದೆ ಮಾಡ್ತಿದ್ದೆ.’”

ಜಟ್ಟೆಪ್ಪ ತಟ್ಟನೆ ತಿರುಗಿದ.

“ಆ ಮಾತು ಹೋಗೈತಿ. ಬ್ಯಾರೆ ಮಾತು ಹೋಗಿಲ್ಲ!”

“ಹೋಗಿಲ್ಲ.”

“ಹೂಂ!” ಎಂದು ಅವನು ಕೂಗಿದ ರಭಸಕ್ಕೆ ನೀರಿನ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು. ಹುಟ್ಟು ನೀರಿಗೆ ಬಿತ್ತು. “ಹೂಂ! ಹೂಂ! ಹೂಂ!”

ಬಂಡೆಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ಕೈ ಕೆಳಗಿಳಿಸಿದಳು. “ಇವತ್ತು ಬರಂಗಿಲ್ಲ ಕಾಣತೈತಿ, ಪಾಪ,” ಎಂದು ಬಟ್ಟೆಗೆ ಬಗ್ಗಿದಳು.

ಹರಿಗೋಲು ಆಚೆ ದಡದ ಮರಳಿಗೆ ಅರ್ಧ ಮೇಲೇರಿ ನಿಂತಿತು. ಜಟ್ಟೆಪ್ಪ ಇಳಿಯಲಿಲ್ಲ. ಹುಟ್ಟು ಹಿಡಿದುಕೊಂಡೇ ಕೇಳಿದ.

“ಹೊಸ ಹೆಸರು ಏನಿಟ್ಟಳು?”

ಚಂದ್ರಾಮ ಬಾಯಿ ತೆರೆದ. ಅವನಿಗೆ ಅದು ತಿಳಿದಿರಲಿಲ್ಲ. ದಡ ಮುಟ್ಟುವ ತನಕ ಕಥೆ ಕಟ್ಟಿದ್ದ, ದಡದ ಮೇಲಿನದನ್ನು ಕಟ್ಟಿರಲಿಲ್ಲ.

ಅವನು ಅಡಿವೆವ್ವನ ಕಡೆ ತಿರುಗಿದ. ಆರು ವರ್ಷದಲ್ಲಿ ಅವನ ನೂರಾರು ಕಥೆಗಳನ್ನು ಅವರು ಕೇಳಿದ್ದರು. ಒಂದು ಸಲವೂ ಹೂಂ ಎಂದವರಲ್ಲ.

ಅಡಿವೆವ್ವ ಆಗಲೇ ಇಳಿದಿದ್ದರು. ಕಂಬಳಿಯನ್ನು ಎರಡು ಸಲ ಕೊಡವಿ ಮರಳಿನ ಮೇಲೆ ಹಾಸಿದರು. ಅಂಚು ಎಳೆದು ನೇರ ಮಾಡಿದರು. ಅವನನ್ನು ಅದರ ಮೇಲೆ ಕೂರಿಸಿ, ತಾವು ಎದುರಿಗೆ ಬರೀ ಮರಳಲ್ಲಿ ಕಾಲು ಮಡಚಿ ಕೂತರು. ಕೆನ್ನೆಗೆ ಕೈ ಕೊಟ್ಟುಕೊಂಡರು.

“ಹೂಂ,” ಎಂದರು. “ಆಮೇಲೆ?”